ಎರಡು ಬಾಯಿಯ ಹುಳು ಮತ್ತು ದನದ ಡಾಕ್ಟರು

1940ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡಬೇಕಾದ ವರ್ಷವೇ ಅಪ್ಪ ತೀರಿಕೊಂಡ. ಕುರಿಗಳ ಹಿಂದೆ ಹೋಗುವವರು ಯಾರೂ ಇಲ್ಲದಂತಾಯಿತು. ಅದಕ್ಕೆ ನನಗೆ ನಾಚಿಕೆಯೇನಿಲ್ಲ. ಪಾಸಾದ ನನ್ನ ಓರಗೆಯವರು ಕಚೇರಿಯಲ್ಲಿ ಕೂತು ಬೇರೆಯವರ ಹೊಲದ ಲೆಕ್ಕ ಬರೆದರು. ನಾನು ನಿಡೋಣಿಯ ನಮ್ಮ ಎರೆಹೊಲದಲ್ಲಿ ಕಲ್ಲು ಒಡೆದು ಬಾವಿ ತೋಡಿದೆ, ಸಿಹಿನೀರು ತರಿಸಿದೆ. ಕೈ ಹಾಕಿದ ಕೆಲಸ ತಿಳಿಯಲಿಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಬಂದದ್ದು ಕಡಿಮೆ. ಆದರೆ ಆ ಕಾಲದ ಒಂದು ಸಂಗತಿ ಮಾತ್ರ ಇವತ್ತಿನವರೆಗೂ ನನ್ನ ತಲೆಗೆ ಪೂರ್ತಿ ಇಳಿದಿಲ್ಲ. ಅದನ್ನು ಇಳಿಸಲು ತಿಣುಕಿದ ಮನುಷ್ಯನ ಬಗ್ಗೆ ಬರೆಯುತ್ತಿದ್ದೇನೆ.

ಅವರ ಬಲಗೈಯ ಎರಡು ಬೆರಳು ಉಗುರಿನ ಬುಡದ ತನಕ ನೀಲಿಯಾಗಿದ್ದವು. ಮೈಲುತುತ್ತದ ಬಣ್ಣ. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನಮ್ಮ ಮನೆಗೆ ಬಂದಾಗ ಅವ್ವ ಬೂದಿ ಕೊಟ್ಟು ಕೈ ತಿಕ್ಕಿಸಿಯೇ ಅವರ ಮುಂದೆ ರೊಟ್ಟಿ ಇಡುತ್ತಿದ್ದಳು. ವಿಜಾಪುರದ ದನದ ದವಾಖಾನೆಯ ಡಾಕ್ಟರು ಅವರು. ಈಗ ಗಾಂಧಿ ಚೌಕ ಅನ್ನುವ ಕಡೆಗೆ ಅವರ ತಂದೆಯ ಜೋಳದ ಅಂಗಡಿ ಇತ್ತು, ಮೇಲೆ ಮನೆ. ಕಲಿತ ಮಗ ಅಂಗಡಿಯಲ್ಲಿ ಕೂಡದೆ ದನದ ಸಗಣಿಯ ಹಿಂದೆ ಹೋದನಲ್ಲ ಎಂದು ತಂದೆಗೆ ಸಿಟ್ಟು. ಗಿರಾಕಿಗಳ ಎದುರಿಗೇ ತಕ್ಕಡಿ ಹಿಡಿದುಕೊಂಡು ಆಡಿಕೊಳ್ಳುತ್ತಿದ್ದರು: "ನಾ ಜ್ವಾಳಾ ತೂಗತೇನಿ, ನನ್ನ ಮಗಾ ಹೆಂಡಿ ತೂಗತಾನ."

ಡಾಕ್ಟರು ಏನನ್ನೇ ಆಗಲಿ ಮೊದಲು ಮೂಸಿ ಆಮೇಲೆ ನೋಡುವವರು. ಹುಲ್ಲು, ನೀರು, ಕುರಿಯ ಹಿಕ್ಕಿ, ಎಲ್ಲವನ್ನೂ. ನನಗೆ ಮೊದಲ ಸಲ ಅವರು ಕಂಡದ್ದೂ ಹಾಗೆಯೇ, ಲಡಾಯಿ ಮುಗಿದ ಮರುವರ್ಷ, ಬಬಲೇಶ್ವರದಲ್ಲಿ ಒಂದು ಮರದ ಕೆಳಗೆ. ದನಗಳಿಗೆ ಸೂಜಿ ಹಾಕಲು ಬಂದಿದ್ದರು. ನಾನು ಸತ್ತ ಕುರಿಯೊಂದನ್ನು ಬಂಡಿಯಲ್ಲಿ ಹಾಕಿಕೊಂಡು ಹೋಗಿದ್ದೆ. ಸಂಗಡ ಕಾಕಾ ಇದ್ದ. ಅಪ್ಪನ ತಮ್ಮ ಅವನು. ಹಿಂಡಿನಲ್ಲಿ ಅವನದೂ ಪಾಲಿತ್ತು.

ಕುರಿಗಳಿಗೆ ಏನಾಗುತ್ತಿದೆ ಎಂದು ನಮಗೆ ತಿಳಿಯದೆ ಆಗಲೇ ಬಹಳ ದಿನವಾಗಿತ್ತು. ನನ್ನ ಬಾವಿಯ ನೀರು ಕಾಲುವೆ ದಾಟಿ ಹೊಲದ ತಗ್ಗಿನಲ್ಲಿ ನಿಂತು ಅಲ್ಲಿ ಸದಾ ಹುಲ್ಲು. ಸುತ್ತ ಕರಿಮಣ್ಣು ಬಿರುಕು ಬಿಟ್ಟಾಗಲೂ ಆ ತಗ್ಗು ಗಿಳಿಯ ಬಣ್ಣಕ್ಕಿರುತ್ತಿತ್ತು. ಸಾರವಾಡದ ಕಡೆಯಿಂದ ಬರುವವರು ಬಂಡಿ ನಿಲ್ಲಿಸಿ ನೋಡುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಹಿಂಡನ್ನು ಅಲ್ಲೇ ಬಿಟ್ಟೆ. ಮೊದಮೊದಲು ಕುರಿಗಳು ಚೆನ್ನಾಗಿಯೇ ತುಂಬಿಕೊಂಡವು. ಟಿಕೋಟಾದ ವ್ಯಾಪಾರಿ ಬೆನ್ನು ಮುಟ್ಟಿ ನೋಡಿ, ಇಂಥ ಕುರಿ ಈ ಸಂತೆಗೆ ಬಂದಿಲ್ಲ ಎಂದ. ಇನ್ನೂ ತುಂಬಲಿ ಎಂದು ನಾನೇ ಕೊಡಲಿಲ್ಲ. ಚಳಿ ಬಿದ್ದಾಗ ಒಂದೊಂದಾಗಿ ಹಿಂದುಳಿಯತೊಡಗಿದವು. ಕಣ್ಣಿನ ಒಳರೆಪ್ಪೆ ಬಿಳಿ, ಗದ್ದದ ಕೆಳಗೆ ನೀರು ತುಂಬಿದ ಚೀಲ. ನಿಂತ ನಿಂತಲ್ಲೇ ಬೀಳುತ್ತಿದ್ದವು. ಮಂತ್ರ ಹಾಕುವವರು ಬಂದರು, ಬೇರು ಕಟ್ಟುವವರು ಬಂದರು. ಎಲ್ಲರೂ ರೋಗದ ಹೆಸರು ಹೇಳಿ ಹೋದರು, ಒಬ್ಬರು ಹೇಳಿದ್ದು ಇನ್ನೊಬ್ಬರು ಹೇಳಿದ್ದಕ್ಕೆ ಕೂಡಲಿಲ್ಲ.

ಡಾಕ್ಟರು ಕುರಿಯ ಹೊಟ್ಟೆ ಸೀಳಿ ಕಲೇಜಿ, ಅಂದರೆ ಯಕೃತ್ತು, ತೆಗೆದು ಅಡ್ಡ ಕೊಯ್ದರು. ಪಿತ್ತದ ನಾಳಗಳು ಹಗ್ಗದಂತೆ ಬಿರುಸಾಗಿದ್ದವು. ಒತ್ತಿದರೆ ಒಳಗಿಂದ ಬೇವಿನ ಎಲೆಗಳು ಬಂದವು. ಎಲೆ ಎಂದೇ ನಾನು ತಿಳಿದೆ. ಕುರಿ ಬೇವು ತಿಂದರೆ ಎಲೆ ಕಲೇಜಿಗೆ ಹೇಗೆ ಹೋಯಿತು ಎಂದು ಯೋಚಿಸುತ್ತಿರುವಾಗಲೇ ಒಂದು ಎಲೆ ಮಡಚಿಕೊಂಡು ಬಿಚ್ಚಿಕೊಂಡಿತು.

ಅದು ಹುಳು, ಚಪ್ಪಟೆ ಹುಳುಗಳ ವಂಶದ್ದು ಎಂದರು. ನೀಲಿ ಬೆರಳಿನ ಮೇಲೆ ಅದನ್ನು ಹರಡಿ, ತುದಿಯಲ್ಲೊಂದು ಬಾಯಿ, ಅದರ ಕೆಳಗೆ ಹೊಟ್ಟೆಯ ಮೇಲೆ ಇನ್ನೊಂದು ಬಾಯಿ ತೋರಿಸಿದರು. ಮೇಲಿನದು ತಿನ್ನುವುದಕ್ಕೆ, ಕೆಳಗಿನದು ಬರೀ ಹಿಡಿದುಕೊಳ್ಳುವುದಕ್ಕೆ. ಹಿಂದೆ ದಾರಿಯೇ ಇಲ್ಲ, ತಿಂದ ಬಾಯಿಯಿಂದಲೇ ಕಸವೂ ಹೊರಗೆ.

ಗಂಡೋ ಹೆಣ್ಣೋ ಎಂದು ಕಾಕಾ ಕೇಳಿದ.

"ಒಂದ ಮೈಯಾಗ ಎರಡೂ ಅದಾವ."

"ಹಂಗಾದ್ರ ಮದುವಿ ಖರ್ಚ ಉಳೀತು ಬಿಡ್ರಿ," ಎಂದ ಕಾಕಾ. ಸೂಜಿ ಹಾಕಿಸಲು ದನ ಹಿಡಿದು ನಿಂತವರೆಲ್ಲ ನಕ್ಕರು. ಡಾಕ್ಟರೂ ನಕ್ಕರು. ನನಗೆ ನಗು ಬರಲಿಲ್ಲ.

ಎಲ್ಲಿಂದ ಬಂತು ಎಂದು ಕೇಳಿದ್ದೇ ತಪ್ಪಾಯಿತೇನೋ. ಅವರು ಹೇಳಿದ್ದನ್ನು ನಾನು ತಿಳಿದಷ್ಟು ಬರೆಯುತ್ತೇನೆ. ಈ ಎಲೆಯ ತತ್ತಿ ಹಿಕ್ಕಿಯಲ್ಲಿ ಬಿದ್ದು ನೀರು ಸೇರುತ್ತದೆ. ಒಡೆದಾಗ ಹೊರಗೆ ಬರುವುದು ಎಲೆಯಲ್ಲ, ಮೈತುಂಬ ಕೂದಲಿರುವ, ಕಣ್ಣಿಗೆ ಕಾಣದ ಒಂದು ಮರಿ. ಅದು ಒಂದೇ ದಿನದೊಳಗೆ ತನ್ನ ಬಸವನಹುಳುವನ್ನು ಹುಡುಕಿ ಒಳಗೆ ಸೇರಬೇಕು, ಇಲ್ಲವಾದರೆ ಸಾಯಬೇಕು. ಸೇರಿದರೆ ಒಂದು ಚೀಲವಾಗುತ್ತದೆ. ಆ ಚೀಲದಲ್ಲಿ ಬೇರೆ ಚೀಲಗಳು ಹುಟ್ಟುತ್ತವೆ, ಅವುಗಳಲ್ಲಿ ಬಾಲದ ಮರಿಗಳು. ಬಾಲದ ಮರಿ ಹೊರಬಿದ್ದು ಹುಲ್ಲಿಗೆ ಹತ್ತಿ, ಬಾಲ ಕಳಚಿ, ಗುಂಡಗೆ ಅಂಟಿ ಕೂಡುತ್ತದೆ. ಆ ಹುಲ್ಲನ್ನು ಕುರಿ ತಿಂದರೆ ಮತ್ತೆ ಎಲೆ.

"ಹಂಗಾದ್ರ ಇದರಾಗ ಯಾರ ಮಗಾ ಯಾರ್ರಿ?" ಎಂದೆ. ಮಗ ಅಪ್ಪನಂತಿಲ್ಲ, ಮೊಮ್ಮಗ ಇಬ್ಬರಂತೆಯೂ ಇಲ್ಲ, ಒಂದು ತತ್ತಿಯಿಂದ ನೂರಾರು. ನಮ್ಮ ಹಿಂಡಿನಲ್ಲಿ ಮರಿಯ ಕಿವಿ ನೋಡಿ ತಾಯಿಯನ್ನು ಹೇಳುವವನು ನಾನು. ಈ ವಂಶಾವಳಿಗೆ ನನ್ನಲ್ಲಿ ಜಾಗವೇ ಇರಲಿಲ್ಲ. ಡಾಕ್ಟರು ಕಡ್ಡಿಯಿಂದ ಮಣ್ಣಿನಲ್ಲಿ ಗುಂಡಗಿನ ಗೆರೆ ಎಳೆದು ತಿರುಗಿ ವಿವರಿಸಿದರು. ಗೆರೆ ಎಲ್ಲಿ ಶುರು ಎಂದು ಕೇಳಿದೆ. "ಅದ ಹೇಳಾಕ ಬರೂದಿಲ್ಲ ತಮ್ಮಾ," ಎಂದು ಕಡ್ಡಿ ಎಸೆದರು.

ಬಸವನಹುಳುವಿನಲ್ಲಿ ಇದೆ ಎಂದರಲ್ಲ, ನೋಡಿಯೇ ಬಿಡೋಣ ಎಂದು ಊರಿಗೆ ಬಂದು ತಗ್ಗಿಗಿಳಿದೆ. ಸಿಕ್ಕಿದ್ದನ್ನೆಲ್ಲ ಕಲ್ಲಿನ ಮೇಲೆ ಒಡೆದೆ. ಒಂದರಲ್ಲೂ ಬೇವಿನ ಎಲೆ ಇರಲಿಲ್ಲ. ಅಷ್ಟರಲ್ಲಿ ಇನ್ನೊಂದು ಕುರಿ ಸತ್ತಿತು. ಅದನ್ನು ನಾನೇ ಸೀಳಿದೆ. ಮೇವಿನ ಚೀಲದ ಗೋಡೆಗೆ ದಾಳಿಂಬೆಯ ಕಾಳಿನಂಥ ಕೆಂಪು ಹುಳುಗಳು ಸಾಲಾಗಿ ಅಂಟಿದ್ದವು. ನಿಜವಾದ ವೈರಿ ಸಿಕ್ಕ, ಡಾಕ್ಟರಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು ಎಂದು ಹುಳುಗಳನ್ನೂ ಬಸವನಹುಳುಗಳನ್ನೂ ಗಡಿಗೆಯಲ್ಲಿ ಹಾಕಿಕೊಂಡು ವಿಜಾಪುರಕ್ಕೆ ಹೋದೆ.

ಅಂಗಡಿಯ ಮೇಲಿನ ಕೋಣೆಯಲ್ಲಿ ಹುಳುಗಳನ್ನು ಮದ್ದಿನಲ್ಲಿ ಹಾಕಿಟ್ಟ ಅವರ ಗಾಜಿನ ಭರಣಿಗಳಿದ್ದವು. ಮನೆಯವರು ಯಾರೂ ಒಳಗೆ ಕಾಲಿಡುತ್ತಿರಲಿಲ್ಲ, ಚಹಾ ಹೊಸ್ತಿಲಿಗೇ ಬರುತ್ತಿತ್ತು. ನನ್ನ ದಾಳಿಂಬೆ ಕಾಳನ್ನು ನೋಡಿ ಇದೂ ಅದೇ ಕುಲದ್ದು ಎಂದರು. ಎರಡು ಬಾಯಿ ಇವೆ, ಆದರೆ ಎರಡನೆಯದು ಹಿಂಬದಿಯ ತುದಿಗಿದೆ. ದೊಡ್ಡದಾದ ಮೇಲೆ ಅಷ್ಟಾಗಿ ಕಾಡುವುದಿಲ್ಲ. ಕೊಂದದ್ದು ಎಲೆಯೇ. ಎಲೆಯ ತತ್ತಿ ಬಂಗಾರದ ಬಣ್ಣ, ಇದರದು ನೀರಿನ ಬಣ್ಣ ಎಂದು ಸಣ್ಣದನ್ನು ದೊಡ್ಡದಾಗಿ ತೋರಿಸುವ ದುರ್ಬೀನಿನಲ್ಲಿ ನೋಡಲು ಹೇಳಿದರು. ನನಗೆ ನನ್ನ ಕಣ್ಣಿನ ರೆಪ್ಪೆಕೂದಲು ಬಿಟ್ಟು ಬೇರೇನೂ ಕಾಣಲಿಲ್ಲ. ಕಂಡಿತು ಎಂದೆ.

ಬಸವನಹುಳುಗಳೂ ಸರಿಯಿರಲಿಲ್ಲ. ನಾನು ತಂದವು ಚಕ್ಕುಲಿಯಂತೆ ಚಪ್ಪಟೆ ಸುತ್ತಿದಂಥವು. ಎಲೆಯ ಹುಳು ಅವುಗಳೊಳಗೆ ಸೇರುವುದಿಲ್ಲ, ಅದಕ್ಕೆ ಚೂಪು ತುದಿಯದು ಬೇಕು. ಒಂದೊಂದು ಹುಳುವಿಗೆ ಒಂದೊಂದು ಮನೆ. ಹಾಗಾದರೆ ಚೂಪಿನದನ್ನು ತಂದರೆ ಸರಿಯೇ ಎಂದು ಕೇಳಿದರೆ ಅದಕ್ಕೂ ಹೌದು ಅನ್ನಲಿಲ್ಲ. "ಪುಸ್ತಕದಾಗ ಇರೋ ಚಿತ್ರ ವಿಲಾಯತಿದು. ನಮ್ಮ ಹೊಲದ್ದು ಖರೆ ಯಾವುದು ಅನ್ನೂದು ನನಗೂ ತಿಳಿವಲ್ದು."

ಒಂದು ಭರಣಿಯಲ್ಲಿ ದಾರದ ಎಳೆಯಂಥವಿದ್ದವು. ಅವು ದನದ ಮೂಗಿನ ರಕ್ತನಾಳದಲ್ಲಿ ಇರುವವು. ದನ ಗೊರಕೆ ಹೊಡೆಯುವುದು ಅವುಗಳಿಂದಲೇ. ಅವುಗಳಲ್ಲಿ ಮಾತ್ರ ಗಂಡು ಬೇರೆ, ಹೆಣ್ಣು ಬೇರೆ, ಗಂಡು ತನ್ನ ಮೈಯ ಮಡಿಕೆಯಲ್ಲಿ ಹೆಣ್ಣನ್ನು ಇಟ್ಟುಕೊಂಡೇ ಇರುತ್ತದೆ ಎಂದರು. ಚಹಾ ಇಡಲು ಬಂದ ಅವರ ಮನೆಯಾಕೆ ಹೊಸ್ತಿಲಾಚೆಯಿಂದ, "ಹುಳಾನ ಛಲೋ ನೋಡ್ರಿ, ಹೆಂಡತೀನ ಬಿಟ್ಟ ತಿರಗೂದಿಲ್ಲ," ಎಂದು ಹೋದರು. ಡಾಕ್ಟರ ಕಿವಿ ಕೆಂಪಾದವು.

ಹಿಂಡು ಮಾತ್ರ ಕರಗುತ್ತಿತ್ತು. ಕಾಕಾ ಒಂದು ನಿರ್ಧಾರಕ್ಕೆ ಬಂದ. ಇನ್ನೂ ನಿಂತಿರುವ ಕುರಿಗಳನ್ನು ಟಿಕೋಟಾ ಸಂತೆಗೆ ಹೊಡೆಯಬೇಕು, ಗದ್ದ ಬಾತವನ್ನು ನಡುವೆ ನಿಲ್ಲಿಸಬೇಕು, ವ್ಯಾಪಾರಿ ಬೆನ್ನು ಮುಟ್ಟುತ್ತಾನೆಯೇ ಹೊರತು ಕಣ್ಣುರೆಪ್ಪೆ ತೆರೆದು ನೋಡುವುದಿಲ್ಲ. ಮಾರದಿದ್ದರೆ ಅಪ್ಪ ಬಿಟ್ಟುಹೋದ ಹಿಂಡು ಮಳೆ ಬರುವ ತನಕ ಉಳಿಯುವುದಿಲ್ಲ ಎಂದ. ಡಾಕ್ಟರನ್ನು ಕೇಳಿದೆ. ಮಾರಿದರೆ ತತ್ತಿ ಇನ್ನೊಬ್ಬರ ನೀರಿಗೆ ಹೋಗುತ್ತದೆ, ಬೇಡ ಎಂದರು. ಹುಳು ಕೊಲ್ಲುವ ಗುಳಿಗೆ ಕೊಟ್ಟರೆ ಉಳಿಯುತ್ತವೆಯೇ ಎಂದೆ. ಉಳಿಯಬಹುದು, ಕೆಲವು ಗುಳಿಗೆಗೇ ಸಾಯಬಹುದು, ಯಾವುದು ಎಂದು ಮೊದಲೇ ಹೇಳಲಾರೆ ಎಂದರು.

ನಾನು ಮಾರಲಿಲ್ಲ. ಧರ್ಮಕ್ಕೆ ಹೆದರಿ ಎಂದು ಹೇಳಿದರೆ ಸುಳ್ಳಾಗುತ್ತದೆ. ನಿಡೋಣಿಯ ಆ ಮನೆಯವರ ಕುರಿ ರೋಗದ್ದು ಎಂದು ಟಿಕೋಟಾದಲ್ಲಿ ಯಾರೂ ಆಡಬಾರದಿತ್ತು, ಅಷ್ಟೆ.

ಡಾಕ್ಟರು ಸೈಕಲ್ಲಿನಲ್ಲಿ ಬಂದು ಒಂದೊಂದು ಕುರಿಯ ನಾಲಿಗೆಯ ಬುಡಕ್ಕೆ ತಾವೇ ಗುಳಿಗೆ ಇಟ್ಟು ನುಂಗಿಸಿದರು. ಗುಳಿಗೆಯದು ಸಿಹಿ ಸಿಹಿ ನಾತ, ತಲೆ ಸುತ್ತುವಂಥದ್ದು. ರಾತ್ರಿ ನಮ್ಮಲ್ಲೇ ಉಳಿದರು. ಬೆಳಿಗ್ಗೆ ದೊಡ್ಡಿಯಲ್ಲಿ ನಾಲ್ಕು ಕುರಿ ಕಾಲು ಚಾಚಿದ್ದವು. ಅವುಗಳಲ್ಲಿ ಎರಡು ಹಿಂದಿನ ದಿನ ಚೆನ್ನಾಗಿಯೇ ಮೇಯ್ದಿದ್ದವು. ಜನ ಸೇರಿದರು. ಔಷಧದಿಂದ ಸತ್ತವೋ ರೋಗದಿಂದ ಸತ್ತವೋ ಎಂದು ಕಾಕಾ ಎಲ್ಲರ ಎದುರು ಕೇಳಿದ. ರೋಗದಿಂದ ಎಂದಿದ್ದರೆ ಮುಗಿದುಹೋಗುತ್ತಿತ್ತು, ಯಾರೂ ಎದುರಾಡುತ್ತಿರಲಿಲ್ಲ. ಸಾಹೇಬರ ಟೊಪ್ಪಿಗೆ ಹಾಕಿಕೊಂಡು ಸತ್ತ ಕುರಿಯ ಪಕ್ಕದಲ್ಲಿ ಕೂತಿದ್ದ ಡಾಕ್ಟರು ಏಳಲೂ ಇಲ್ಲ.

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ನಾಕ ವಿಜಾಪುರದಿಂದ ಸೈಕಲ್ ತುಳಕೊಂಡ ಬರಬೇಕೇನ್ರಿ? ನಾನೂ ಗೊತ್ತಿಲ್ಲ ಅಂತೇನಿ. ನನಗೂ ಒಂದ ಟೊಪಗಿ ಕೊಡಸ್ರಿ."

ಯಾರೋ ನಕ್ಕರು. ನನಗೆ ಸಿಟ್ಟು ಯಾರ ಮೇಲೆ ಬಂದಿದೆ ಎಂದು ನನಗೇ ತಿಳಿಯಲಿಲ್ಲ. ಕಾಕಾನ ಮೇಲೋ, ಡಾಕ್ಟರ ಮೇಲೋ, ಆ ಹಸಿರು ತಗ್ಗಿನ ಮೇಲೋ. ಡಾಕ್ಟರು ಸೈಕಲ್ ಹತ್ತಿ ಹೋದರು. ಇನ್ನು ಇವರು ಈ ಕಡೆ ಬರುವುದಿಲ್ಲ ಎಂದೆ. ಅವ್ವ ದೊಡ್ಡಿಯ ಕಸ ಗುಡಿಸುತ್ತಿದ್ದಳು.

"ಗೊತ್ತೈತಿ ಅಂದವ್ರು ಯಾರೂ ತಿರುಗಿ ಬರಲಿಲ್ಲ ನೋಡು. ಇಂವ ಬರತಾನ."

ಮುಂದಿನ ರವಿವಾರ ಬಂದರು. ಸೈಕಲ್ಲಿಗೆ ಮೈಲುತುತ್ತದ ಚೀಲ ಕಟ್ಟಿಕೊಂಡು, ಮೂರು ಡಬ್ಬಿ ನೇತುಹಾಕಿಕೊಂಡು. ಚಡ್ಡಿ ಮಡಚಿ ತಗ್ಗಿಗಿಳಿದು ಬಸವನಹುಳು ಆರಿಸತೊಡಗಿದರು. ಚೂಪಿನವು ಒಂದು ಡಬ್ಬಿಗೆ, ಚಪ್ಪಟೆಯವು ಒಂದಕ್ಕೆ, ಯಾವುದೆಂದು ತಿಳಿಯದವು ಮೂರನೆಯದಕ್ಕೆ. ಮೂರನೆಯದೇ ಮೊದಲು ತುಂಬಿತು. ನಾನೂ ಇಳಿದೆ. ಚೂಪು ಎಂದು ನಾನು ಕೊಟ್ಟದ್ದನ್ನು ಬಿಸಿಲಿಗೆ ಹಿಡಿದು, ಬಾಯಿ ಬಲಕ್ಕೆ ತಿರುಗಿದೆಯೇ ಎಡಕ್ಕೆ ತಿರುಗಿದೆಯೇ ನೋಡಿ, ನಿಟ್ಟುಸಿರು ಬಿಟ್ಟು ಮೂರನೆಯದಕ್ಕೆ ಹಾಕುತ್ತಿದ್ದರು. ತಗ್ಗಿನ ನೀರಿಗೆ ಮೈಲುತುತ್ತ ಹಾಕಿದರೆ ಮೂರೂ ಸಾಯುತ್ತವಲ್ಲ, ಆರಿಸುವುದು ಯಾಕೆ ಎಂದು ಕೇಳಿದೆ.

"ಯಾರನ್ನ ಕೊಲ್ಲಾಕತ್ತೇನಿ ಅಂತ ಗೊತ್ತಿರಬೇಕಲ್ಲ ತಮ್ಮಾ."

ಎಷ್ಟೋ ರವಿವಾರ ಹೀಗೆಯೇ ನಡೆಯಿತು. ತಗ್ಗಿನ ಸುತ್ತ ಜಾಲಿಮುಳ್ಳಿನ ಬೇಲಿ ಹಾಕು ಎಂದು ಹೇಳಿದರು. ಆ ಹಸಿರು ನನ್ನ ಕೈಯ ದುಡಿಮೆ. ಆದರೂ ನಾನೇ ಜಾಲಿ ಕಡಿದೆ. ಹಾಕಿದೆ. ಕುರಿಗಳಿಗೆ ಬಾನಿಯಲ್ಲಿ ನೀರು ಕೊಟ್ಟೆ, ಬೋರೆಯ ಒಣ ದಿಬ್ಬದ ಮೇಲೆ ಮೇಯಿಸಿದೆ. ಆಮೇಲೆ ಬೇಸಿಗೆ ಬಂತು, ಸಾವು ನಿಂತಿತು. ಗುಳಿಗೆಯಿಂದ ನಿಂತಿತೋ, ಬೇಲಿಯಿಂದಲೋ, ಮೈಲುತುತ್ತದಿಂದಲೋ, ಸಾಯುವವು ಸತ್ತು ಮುಗಿದವೋ? ಡಾಕ್ಟರನ್ನೂ ಕೇಳಿದೆ. ಒಂದೇ ವರ್ಷ ಎಲ್ಲವನ್ನೂ ಒಟ್ಟಿಗೆ ಮಾಡಿದೆವಲ್ಲ, ಹೇಗೆ ಹೇಳಲಿ ಎಂದರು. ಅರ್ಧದಷ್ಟು ಹಿಂಡು ಉಳಿದಿತ್ತು. ಕಾಕಾ ತನ್ನ ಪಾಲಿನವನ್ನು ನನ್ನ ಹಿಂಡಿನಲ್ಲೇ ಬಿಟ್ಟ, ಮಾರುವ ಮಾತು ಮತ್ತೆ ತೆಗೆಯಲಿಲ್ಲ.

ಮರುವರ್ಷ ಮೊದಲ ಉಣ್ಣೆಯಿಂದ ಅವ್ವ ಅವರಿಗೊಂದು ಕಂಬಳಿ ನೇಯಿಸಿದಳು. ಅದನ್ನು ಹೊತ್ತುಕೊಂಡು ವಿಜಾಪುರಕ್ಕೆ ಹೋದಾಗ ಅಂಗಡಿಯ ಬಾಗಿಲು ಅರ್ಧ ಹಾಕಿತ್ತು. ಡಾಕ್ಟರು ಜ್ವರದಿಂದ ತೀರಿಕೊಂಡು ಒಂದು ವಾರವಾಗಿತ್ತು. ಯಾವ ಜ್ವರ ಎಂದು ಕೇಳಿದೆ. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು ಎಂದು ಅವರ ತಂದೆ ಹೇಳಿದರು.

ಮುದುಕರು ನನ್ನನ್ನು ಮೇಲೆ ಕರೆದುಕೊಂಡು ಹೋದರು. ಭರಣಿಗಳು ಹಾಗೆಯೇ ಇದ್ದವು. ಮನೆಯಲ್ಲಿ ಹೆಂಗಸರು ಹೆದರುತ್ತಾರೆ, ಮೋರಿಗೆ ಚೆಲ್ಲಿಬಿಡಲೇ ಎಂದು ಕೇಳಿದರು. ನೀರಿಗೆ ಬೇಡ ಎಂದೆ. ಒಣ ನೆಲದಲ್ಲಿ ಹೂಳಬೇಕು ಎಂದೆ. ನನಗೆ ತೋಚಿದ್ದು ಅಷ್ಟೇ. ಹಿತ್ತಲಲ್ಲಿ ನಾನು ಕುಣಿ ತೋಡಿದೆ, ಅವರು ಒಂದೊಂದೇ ಭರಣಿ ತಂದು ಸುರಿದರು. ತಕ್ಕಡಿ ಹಿಡಿಯುವ ಕೈ, ಒಂದು ಹನಿಯೂ ಆಚೆ ಬೀಳಲಿಲ್ಲ.

"ಇವೆಲ್ಲಾ ಸತ್ತಾವಲ್ಲ?"

"ಸತ್ತಿರಬೇಕ್ರಿ," ಎಂದೆ. ಆ ಮದ್ದಿನಲ್ಲಿ ತತ್ತಿ ಎಷ್ಟು ದಿನ ಬದುಕುತ್ತದೆ ಎಂದು ನಾನು ಡಾಕ್ಟರನ್ನು ಕೇಳಿಯೇ ಇರಲಿಲ್ಲ.

ಮುದುಕರು ಕುಣಿಯ ಅಂಚಿನಲ್ಲಿ ಕೂತರು. "ಇವುಗಳ ಸಲುವಾಗಿ ಊಟಾ ಬಿಡತಿದ್ದ," ಎಂದು ತಾವೇ ಕೈಯಿಂದ ಮಣ್ಣು ಎಳೆದರು. ಕಂಬಳಿಯನ್ನು ಅವರಿಗೇ ಹೊದಿಸಿ ಬಂದೆ.

ಆ ಹುಳುವಿನ ಹುಟ್ಟು ನನಗೆ ಇನ್ನೂ ಪೂರ್ತಿ ತಿಳಿದಿಲ್ಲ. ಕಾಲೇಜಿಗೆ ಹೋದ ಮೊಮ್ಮಗ ತನ್ನ ಪುಸ್ತಕದ ಚಿತ್ರ ತೋರಿಸಿ ವಿವರಿಸಿದ, ಮಧ್ಯದಲ್ಲಿ ಅವನೂ ತಪ್ಪಿದ. ಹಿಂಡು ಉಳಿದದ್ದು ಡಾಕ್ಟರಿಂದ ಎಂದು ನಾನು ಆಣೆ ಮಾಡಿ ಹೇಳಲಾರೆ, ಅವರೇ ಹೇಳಲಿಲ್ಲ. ಅವರು ಪ್ರತಿ ರವಿವಾರ ಬಂದರು ಎಂದು ಮಾತ್ರ ಹೇಳಬಲ್ಲೆ. ಉಳಿದದ್ದು ಬೆಳೆಯಿತು. ಈಗ ಕುರಿ ನೂರಾ ಇಪ್ಪತ್ತು, ಟಗರು ನಾಲ್ಕು, ಎತ್ತು ಎರಡು ಜೋಡಿ, ಎಮ್ಮೆ ಮೂರು, ಬಾವಿ ಎರಡು.