ಫಿಟ್ಟರ್ ಮಾವನ ಬಾಣದ ಗುರುತು

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ನಡುಮನೆಯಲ್ಲಿ ಮೂವರಿದ್ದೆವು. ನಾನು, ನನ್ನ ಹೆಂಡತಿ, ಹತ್ತನೇ ತರಗತಿ ಓದುವ ಮಗಳು. ನಡುವೆ ಹಳೇ ಪೇಪರಿನ ಮೇಲೆ ಟೇಬಲ್ ಫ್ಯಾನು. ಬೇಸಿಗೆ ಬಂತೆಂದು ಅಟ್ಟದಿಂದ ಇಳಿಸಿ ಧೂಳು ಒರೆಸಲು ಕೂತಿದ್ದೆವು. ರೆಕ್ಕೆ ಬಿಚ್ಚೋಣವೆಂದು ಮಗಳು ಅದರ ನಡುವಿನ ತಿರುಪನ್ನು ಹಿಡಿದು ಎಡಕ್ಕೆ ತಿರುಗಿಸಿದಳು. ಅದು ಕದಲಲಿಲ್ಲ. ಹಲ್ಲು ಕಚ್ಚಿ ಇನ್ನೂ ಬಲ ಹಾಕಿದಳು. ನಾನು ಅವಳ ಮಣಿಕಟ್ಟನ್ನು ಗಪ್ಪನೆ ಹಿಡಿದುಬಿಟ್ಟೆ.

"ಅಪ್ಪಾ, ನೋಯುತ್ತೆ. ಯಾಕೆ ಹಂಗ್ ಹಿಡ್ಕೊಂಡ್ರಿ?"

"ಅದು ಉಲ್ಟಾ ಕಣಮ್ಮ. ಬಲಕ್ಕೆ ತಿರುಗಿಸಿದ್ರೆ ಬಿಚ್ಚುತ್ತೆ."

"ಅಷ್ಟೇ ತಾನೇ, ಬಾಯಲ್ಲಿ ಹೇಳ್ಬಹುದಿತ್ತಲ್ಲ," ಅಂದಳು ಹೆಂಡತಿ, ಫ್ಯಾನನ್ನು ಬಿಟ್ಟು ನನ್ನ ಮುಖ ನೋಡುತ್ತಾ. ಹೇಳಬಹುದಿತ್ತು. ಬಾಯಲ್ಲಿ ಹೇಳಬಹುದಾಗಿದ್ದನ್ನು ಹೇಳದೆ ನಾನು ಹದಿನೆಂಟು ವರ್ಷ ಕಳೆದಿದ್ದೇನೆ ಎಂಬುದು ಅವಳಿಗೇನು ಗೊತ್ತು...

ಮದುವೆಗೆ ಮೊದಲು ನಾನು ಲಗ್ಗೆರೆಯಲ್ಲಿ, ಒಂದು ಮನೆಯ ಮಹಡಿ ಮೇಲಿನ ಒಂಟಿ ರೂಮಿನಲ್ಲಿ ಬಾಡಿಗೆಗಿದ್ದೆ. ತುಮಕೂರು ರಸ್ತೆಯಲ್ಲಿ ಇನ್ನೂ ಮೆಟ್ರೋ ಕಂಬಗಳು ಎದ್ದಿರಲಿಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದ ಕೆಲಸ. ಬಿಳಿ ಶರ್ಟು, ಜೇಬಿನಲ್ಲಿ ಅಳತೆಯ ಉಪಕರಣ, ತಲೆಯಲ್ಲಿ ಡಿಪ್ಲೊಮಾ ಮುಗಿಸಿದ ಗರ್ವ. ಕೆಳಗಿನ ಮನೆಯಲ್ಲಿ ಓನರ್ ದಂಪತಿ. ಓನರ್ ಪೀಣ್ಯದಲ್ಲೇ ಮೂವತ್ತು ವರ್ಷಕ್ಕೂ ಮಿಕ್ಕಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಇಡೀ ಬೀದಿಗೆ ಫಿಟ್ಟರ್ ಮಾವ. ಅವರ ಹೆಂಡತಿ ನಮಗೆಲ್ಲ ಅತ್ತೆ.

ನಿವೃತ್ತರಾದವರು ದೇವಸ್ಥಾನದ ಕಟ್ಟೆ ಹಿಡಿಯುತ್ತಾರೆ, ಇಲ್ಲ ಪೇಪರ್ ಹಿಡಿಯುತ್ತಾರೆ. ಮಾವ ಹಿಡಿದದ್ದು ಟ್ರಾಕ್ಟರು. ದೊಡ್ಡದಲ್ಲ, ತೋಟದ ಟ್ರಾಕ್ಟರು. ಒಂದು ಕಾಲದಲ್ಲಿ ಹೆಸರಘಟ್ಟದ ಕಡೆಯ ದ್ರಾಕ್ಷಿ, ಗುಲಾಬಿ ತೋಟಗಳಿಗೆಂದು ಹೊರದೇಶದಿಂದ ಬಂದಿದ್ದವಂತೆ, ಎರಡು ಸಾಲಿನ ನಡುವೆ ನುಸುಳಿ ಹೋಗುವಷ್ಟು ಪುಟ್ಟವು. ತೋಟಗಳು ಸೈಟುಗಳಾದ ಮೇಲೆ ಅವು ಗುಜರಿಗೆ ಬಿದ್ದವು. ಮಾವ ಅಂಥದೊಂದನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಬಂದು, ಮನೆ ಮುಂದಿನ ಹತ್ತಡಿ ಜಾಗದಲ್ಲಿ ಬಿಚ್ಚಿ ಹರಡಿ, ತಿಂಗಳುಗಟ್ಟಲೆ ಕೂತು ಜೀವ ಬರಿಸಿ, ಇನ್ನೂ ಹೂವು ಬೆಳೆಯುತ್ತಿದ್ದ ಯಾರಿಗಾದರೂ ಕೊಟ್ಟುಬಿಡುತ್ತಿದ್ದರು. ನಾನು ಹೋಗುವ ಹೊತ್ತಿಗೆ ಎರಡು ಹಾಗೆ ಹೋಗಿದ್ದವು. ಮೂರನೆಯದು, ಹಸಿರು ಬಣ್ಣದ್ದು, ಅಂಗಳದಲ್ಲಿತ್ತು.

ಬೀದಿಯವರು ಸುಮ್ಮನಿರುತ್ತಾರೆಯೇ. ಎದುರುಮನೆಯ ಆಟೋ ಡ್ರೈವರ್ ದಿನಾ ಕೆಣಕುತ್ತಿದ್ದ.

"ಏನ್ ಮಾವ, ಈ ಸಲ ಮಳೆ ಬಂದ್ರೆ ಮೇನ್ ರೋಡಲ್ಲಿ ರಾಗಿ ಬಿತ್ತನೆನಾ?"

"ರಾಗಿ ಯಾಕೋ? ಆ ರೋಡಲ್ಲಿರೋ ಗುಂಡಿಗೆ ಭತ್ತಾನೇ ನಾಟಿ ಹಾಕ್ಬಹುದು. ನಿನ್ ಆಟೋ ಸ್ವಲ್ಪ ಈಚೆ ನಿಲ್ಸು, ಗದ್ದೆ ಬದು ಅದು."

ಭಾನುವಾರಗಳಲ್ಲಿ ನಾನು ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತು ಅವರ ಕೆಲಸ ನೋಡುತ್ತಿದ್ದೆ. ನಮ್ಮಜ್ಜಿ ಕೆಲವರನ್ನು ಕೈಯಲ್ಲಿ ಕಣ್ಣಿರೋರು ಅನ್ನುತ್ತಿದ್ದಳು. ಮಾವ ಹಾಗಿದ್ದರು. ಕತ್ತು ಮೇಲೆತ್ತಿ ನನ್ನೊಂದಿಗೆ ಮಾತಾಡುತ್ತಲೇ ಇಂಜಿನ್ನಿನ ಅಡಿಯಲ್ಲಿ ಕೈ ಹಾಕಿ ಕಾಣದ ನಟ್ಟನ್ನು ಬಿಚ್ಚಿ ತರುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಯಾವ ನಟ್ಟು ಉಲ್ಟಾ ಥ್ರೆಡ್ಡಿನದೋ, ಅಂದರೆ ಲೋಕಕ್ಕೆಲ್ಲ ವಿರುದ್ಧವಾಗಿ ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದೋ, ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಪುಟ್ಟ ಬಾಣ ಬರೆಯುತ್ತಿದ್ದರು.

"ನಿಮಗೆ ಗೊತ್ತಲ್ಲ ಮಾವ, ಮತ್ತೆ ಯಾರಿಗೆ ಬರೀತೀರ?" ಎಂದು ಒಮ್ಮೆ ಕೇಳಿದ್ದೆ.

"ನಾಳೆ ಬೇರೆಯೋನು ಬಿಚ್ತಾನಲ್ಲಪ್ಪ, ಅವನಿಗೆ. ನಿಮ್ಮ ಮನೆ ಟೇಬಲ್ ಫ್ಯಾನ್ ನೋಡು, ಅದೂ ಹಿಂಗೇ."

ನಾನು ಹೂಂ ಅಂದೆ. ಕೇಳಿಸಿಕೊಳ್ಳಲಿಲ್ಲ.

ಆ ವರ್ಷ ಮಾವನ ಕೈ ನಡುಗಲು ಶುರುವಾಗಿತ್ತು. ಕಾಫಿ ಲೋಟ ಎತ್ತಿದರೆ ಅರ್ಧ ತಟ್ಟೆಗೆ ಚೆಲ್ಲುತ್ತಿತ್ತು. ಅತ್ತೆಗೆ ಆತಂಕ, ಅದು ಬೈಗುಳವಾಗಿ ಹೊರಗೆ ಬರುತ್ತಿತ್ತು.

"ಲೋಟ ಹಿಡಿಯೋಕಾಗಲ್ಲ, ಇವರಿಗೆ ಟ್ರಾಕ್ಟರ್ ಬೇಕಂತೆ. ಬೆರಳು ಕತ್ತರಿಸ್ಕೊಂಡ್ರೆ ಆಸ್ಪತ್ರೆಗೆ ಹೊತ್ಕೊಂಡು ಹೋಗೋಳು ನಾನು ತಾನೇ?"

"ಲೋಟ ಹಿಡಿದ್ರೆ ನಡುಗುತ್ತೆ ಕಣೇ. ಸ್ಪ್ಯಾನರ್ ಹಿಡಿದ್ರೆ ನಿಲ್ಲುತ್ತೆ," ಅನ್ನುತ್ತಿದ್ದರು ಮಾವ. ಅದು ನಿಜ, ನಾನೇ ಕಂಡಿದ್ದೇನೆ. "ಸ್ಪ್ಯಾನರಲ್ಲೂ ಕೈ ತಪ್ಪಿದ ದಿನ ನಾನೇ ಎತ್ತಿಡ್ತೀನಿ. ನೀನು ಹೇಳ್ಬೇಕಾಗಿಲ್ಲ."

ಒಂದು ಶನಿವಾರ ಅವರಿಬ್ಬರೂ ನೆಂಟರ ಮನೆಯ ಗೃಹಪ್ರವೇಶಕ್ಕೆ ಮಾಗಡಿ ಕಡೆ ಹೋಗಿದ್ದರು. ನನಗೆ ರಜೆ. ಭಾನುವಾರ ಟ್ರಾಕ್ಟರಿನ ಎಡಗಡೆ ಚಕ್ರ ಬಿಚ್ಚಬೇಕು ಎಂದು ಮಾವ ಹೇಳಿದ್ದು ನೆನಪಿತ್ತು. ಅವರು ಬರುವಷ್ಟರಲ್ಲಿ ನಾನೇ ಬಿಚ್ಚಿಟ್ಟು ಬೆರಗುಗೊಳಿಸೋಣ ಅನ್ನಿಸಿತು. ಪ್ರೀತಿಯೂ ಇತ್ತು, ಸುಳ್ಳು ಹೇಳಲಾರೆ. ಆದರೆ ಇಷ್ಟು ದಿನ ಬರೀ ನೋಡುತ್ತಾ ಕೂತವನಿಗೂ ಕೆಲಸ ಬರುತ್ತದೆ ಎಂದು ತೋರಿಸುವ ಚಪಲ ಅದಕ್ಕಿಂತ ಹೆಚ್ಚಿತ್ತು.

ಮೊದಲು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಚಕ್ರದ ನಡುಭಾಗವನ್ನೆಲ್ಲ ಫಳಫಳ ಉಜ್ಜಿದೆ. ಗ್ರೀಸು, ಮಣ್ಣು, ಅದರ ಜೊತೆಗೆ ಏನೋ ಬಿಳಿಯ ಗೀರು, ಎಲ್ಲವೂ ಬಟ್ಟೆಗೆ ಬಂತು. ಆಮೇಲೆ ನಡುವಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಎಡಕ್ಕೆ ತಿರುಗಿಸಿದೆ. ಕದಲಲಿಲ್ಲ. ತುಕ್ಕು ಹಿಡಿದಿದೆ ಅಂದುಕೊಂಡೆ. ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕಬ್ಬಿಣದ ಪೈಪು ಸಿಕ್ಕಿಸಿ, ಮೈಭಾರವನ್ನೆಲ್ಲ ಬಿಟ್ಟು ತುಳಿದೆ. ಒಳಗೆಲ್ಲೋ ಟಿಕ್ ಎಂದಿತು. ನಟ್ಟು ಸಡಿಲವಾಯಿತೆಂದು ಖುಷಿಯಾಗಿ ಬಗ್ಗಿ ನೋಡಿದರೆ, ನಟ್ಟು ಹಾಗೇ ಬಿಗಿದು ಕೂತಿತ್ತು. ಅದರ ಹಿಂದೆ, ಚಕ್ರ ಕೂರುವ ಶಾಫ್ಟಿನ ಕತ್ತಿನಲ್ಲಿ ಕೂದಲೆಳೆಯಂಥ ಬಿರುಕು.

ಆಗ ಕೈಯಲ್ಲಿದ್ದ ಬಟ್ಟೆ ನೋಡಿದೆ. ಆ ಬಿಳಿಯ ಗೀರು ಸೀಮೆಸುಣ್ಣ. ಬಾಣವನ್ನು ನಾನೇ ಒರೆಸಿದ್ದೆ.

ಇಲ್ಲಿಯವರೆಗಿನದು ತಪ್ಪು. ಯಾರಿಂದಲೂ ಆಗುವಂಥದ್ದು. ಮುಂದೆ ಮಾಡಿದ್ದಕ್ಕೆ ಆ ಹೆಸರು ಸಾಲದು. ಡಬ್ಬಿಯಿಂದ ಬೆರಳಲ್ಲಿ ಗ್ರೀಸು ತೆಗೆದು ಬಿರುಕಿನ ಮೇಲೆ ಬಳಿದೆ. ಸುತ್ತ ಒಂದಿಷ್ಟು ಮಣ್ಣು ಮೆತ್ತಿದೆ. ಪೈಪನ್ನು ಇದ್ದಲ್ಲೇ ಇಟ್ಟೆ. ಮೇಲೆ ಹೋಗಿ ಮೂರು ಸಲ ಸೋಪು ಹಾಕಿ ಕೈ ತೊಳೆದೆ. ಹೇಳುತ್ತೇನೆ, ಬೆಳಿಗ್ಗೆ ಹೇಳುತ್ತೇನೆ ಎಂದುಕೊಂಡೆ...

ಬೆಳಿಗ್ಗೆ ಕೆಳಗಿಳಿಯುವಾಗ ಮಾವ ಆಗಲೇ ಚಕ್ರದ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ಅತ್ತೆ ಹೊಸಿಲಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಆಟೋ ಡ್ರೈವರ್ ಗೇಟಿಗೆ ಒರಗಿ ನಿಂತಿದ್ದ.

"ಇಲ್ಲಿ ಬಾಣ ಹಾಕಿದ್ದೆ ಅಲ್ವೇನೋ?" ಎಂದು ಮಾವ ನನ್ನನ್ನೇ ಕೇಳಿದರು.

"ಗೊತ್ತಿಲ್ಲ ಮಾವ," ಅಂದೆ.

"ಹಾಕೋದನ್ನೂ ಮರೀತಿದೀನಿ ಅನ್ನು."

ಸ್ಪ್ಯಾನರ್ ಹಿಡಿದರು. ನಡುಗುತ್ತಿದ್ದ ಕೈ ನಿಂತಿತು. ಬಲಕ್ಕೆ, ಸರಿಯಾದ ದಿಕ್ಕಿಗೇ, ಹದವಾಗಿ ಎಳೆದರು. ಶಾಫ್ಟಿನ ತುದಿ ನಟ್ಟಿನ ಸಮೇತ ಮುರಿದು ಅವರ ಮಡಿಲಿಗೆ ಬಿತ್ತು.

ದಿನಾ ಕೆಣಕುತ್ತಿದ್ದವನೂ ನೆಲ ನೋಡಿದ. ಮಾವ ಮುರಿದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತಮ್ಮ ಕೈಯನ್ನು ನೋಡಿಕೊಂಡರು.

"ಪೀಣ್ಯದಲ್ಲಿ ಲೇತ್ ಮೇಲೆ ಹೊಸ ಶಾಫ್ಟ್ ಮಾಡಿಸೋಣ ಮಾವ. ನಾನು ಮಾಡಿಸ್ಕೊಂಡು ಬರ್ತೀನಿ," ಅಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.

"ಶಾಫ್ಟ್ ಮಾಡಿಸ್ಬಹುದು ಕಣಪ್ಪ. ಕೈ ಎಲ್ಲಿ ಮಾಡಿಸ್ತೀಯಾ?"

ಅತ್ತೆ ಸೊಪ್ಪು ಬಿಟ್ಟು ಎದ್ದು ಬಂದರು. ಅಷ್ಟು ದಿನ ಬೈದವರು ಅವತ್ತು ಗಂಡನ ಬೆನ್ನ ಮೇಲೆ ಕೈಯಿಟ್ಟು, "ಹಳೇ ಕಬ್ಬಿಣ ಬಿಡಿ, ಅದರದೇ ಆಯಸ್ಸು ಮುಗಿದಿತ್ತೇನೋ," ಅಂದರು. ನಾನು ಬಾಯಿ ತೆರೆಯಬೇಕಾದ ಕ್ಷಣ ಅದೇ. ಒಂದೇ ಮಾತು ಸಾಕಿತ್ತು. ಆಟೋ ಡ್ರೈವರ್ ಮುಂದೆ ಹೇಗೆ ಹೇಳಲಿ, ಅವನು ಹೋಗಲಿ ಅಂದುಕೊಂಡೆ. ಅವನು ಹೋದ. ಹೇಳಲಿಲ್ಲ.

ಮಾವ ಹೇಳಿದಂತೆಯೇ ನಡೆದುಕೊಂಡರು. ಸ್ಪ್ಯಾನರುಗಳನ್ನೆಲ್ಲ ಒರೆಸಿ, ಎಣ್ಣೆ ಸವರಿ, ಗೋಣಿ ಬಟ್ಟೆಯಲ್ಲಿ ಸುತ್ತಿದರು. ಒಂದನ್ನು ಮಾತ್ರ ಹೊರಗಿಟ್ಟು ಸಂಜೆ ಮೇಲೆ ನನ್ನ ರೂಮಿಗೆ ತಂದರು. ಆ ಚಕ್ರಕ್ಕೆ ಹಾಕಿದ್ದ ಸ್ಪ್ಯಾನರೇ. "ಇಟ್ಕೋ. ನಿನಗೆ ಇದರಲ್ಲಿ ಆಸಕ್ತಿ ಇದೆ. ಪ್ರತಿ ಭಾನುವಾರ ಬಂದು ಕೂರ್ತಿದ್ದೆ, ನಾನು ನೋಡಿಲ್ವಾ?" ಅಂದರು. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ನಮಸ್ಕಾರ ಬೇರೆ ಮಾಡಿದೆ.

ಹಸಿರು ಟ್ರಾಕ್ಟರು ಎಡಗಡೆ ಇಟ್ಟಿಗೆ ಮೇಲೆ ನಿಂತು ಒಂದು ಮಳೆಗಾಲ ಕಳೆಯಿತು. ನಾನು ಮದುವೆಯಾಗಿ ದಾಸರಹಳ್ಳಿಗೆ ಮನೆ ಬದಲಾಯಿಸಿದ ಮೇಲೆ ಅದು ಗುಜರಿಗೆ ಹೋಯಿತಂತೆ. ನಾಲ್ಕು ವರ್ಷಕ್ಕೆ ಮಾವ ಹೋದರು. ಮಣ್ಣಿಗೆ ಹೋಗಿದ್ದೆ. ಹೂವಿನ ಹಾರದ ಕೆಳಗೆ ಅವರ ಕೈಗಳನ್ನು ಜೋಡಿಸಿ ಕಟ್ಟಿದ್ದರು. ಅವನ್ನು ನೋಡಲಾಗದೆ ಹಿಂದೆ ಸರಿದು ನಿಂತೆ. ದುಃಖ ತಡೀಲಾರದೆ ಅಂತ ಜನ ತಿಳಿದರು.

ಕಳೆದ ಭಾನುವಾರ ಫ್ಯಾನನ್ನು ಹಾಗೇ ಬಿಟ್ಟು ಎದ್ದೆ. ಅಟ್ಟದ ಮೇಲಿನ ಡಬ್ಬದಿಂದ ಸ್ಪ್ಯಾನರ್ ಹುಡುಕಿ, ಚೀಲಕ್ಕೆ ಹಾಕಿಕೊಂಡು ಲಗ್ಗೆರೆಗೆ ಹೋದೆ. ಮನೆ ಮುಂದೆ ಈಗ ಟೈಲ್ಸ್ ಹಾಕಿಸಿದ್ದಾರೆ. ಅತ್ತೆ ಗುರುತು ಹಿಡಿದು, ಒಳಗೆ ಕೂರಿಸಿ, ಕಾಫಿ ಕೊಟ್ಟರು. ಸ್ಪ್ಯಾನರನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ. ಬಟ್ಟೆ, ಬಾಣ, ಪೈಪು, ಗ್ರೀಸು.

ಅವರು ಕೇಳಿದ್ದು ಒಂದೇ ಪ್ರಶ್ನೆ. "ಯಾವ ಕಡೆ ತಿರುಗಿಸಿದ್ದೆ?"

ನಾನು ಕೈಯಲ್ಲಿ ಎಡಕ್ಕೆ ತೋರಿಸಿದೆ.

"ಅದು ಉಲ್ಟಾ ಅಲ್ವೇನೋ. ನಂಗೂ ಗೊತ್ತು," ಅಂದರು. ಪಕ್ಕದ ಕುರ್ಚಿಯತ್ತ ನೋಡಿ, "ಕಡೇ ತನಕ ಇದೇ ಕುರ್ಚಿ ಮೇಲೆ ಕೂತು ಕೈ ನೋಡ್ಕೋತಿದ್ರು. ನಾನೂ ಕೈದೇ ತಪ್ಪು ಅಂದ್ಕೊಂಡಿದ್ದೆ."

ಬೈಯಲಿಲ್ಲ. ಬೈದಿದ್ದರೆ ಕೂತಿರುತ್ತಿದ್ದೆ. ನಾನು ಏಳುವಾಗ ಅವರು ಸ್ಪ್ಯಾನರನ್ನು ಎತ್ತಿ, ಸೆರಗಿನಿಂದ ಒಂದು ಸಲ ಒರೆಸಿ, ನನ್ನ ಚೀಲದೊಳಗೆ ವಾಪಸ್ ಹಾಕಿದರು.

"ಇದು ಇಲ್ಲಿ ಬೇಡ. ನಿನ್ನ ಹತ್ರಾನೇ ಇರ್ಲಿ."

ಮನೆಗೆ ಬಂದಾಗ ಫ್ಯಾನಿನ ರೆಕ್ಕೆ ಬಿಚ್ಚಿ, ತೊಳೆದು, ಒಣಗಲು ಇಟ್ಟಿದ್ದರು. ಮಗಳ ಹತ್ತಿರ ಒಂದು ಚಾಕ್‌ಪೀಸ್ ಕೇಳಿ ಇಸಿದುಕೊಂಡು, ಅದರ ತಿರುಪಿನ ಮೇಲೆ ಬಲಕ್ಕೆ ಮುಖ ಮಾಡಿದ ಒಂದು ಪುಟ್ಟ ಬಾಣ ಬರೆದೆ.