ಅವ್ವನ ಹೊಟ್ಟೆಬೇನೆ

ಗಿರಿಜಾ, ನಮ್ಮವ್ವ ಸತ್ತದ್ದು ಹೊಟ್ಟೆಬೇನೆಯಿಂದ ಅಲ್ಲ. ಅವಳ ಎದೆಯಲ್ಲಿ ಗಂಟಾಗಿತ್ತು — ಕ್ಯಾನ್ಸರ್. ಇದು ನನಗೆ ಮೊದಲಿನಿಂದಲೂ ಗೊತ್ತಿತ್ತು. ನಿನಗೆ ಹೇಳಲಿಲ್ಲ. ನೀನು ಹೋದ ಮೇಲೆ, ಧಾರವಾಡದ ಕೆಲಗೇರಿಯ ಈ ಮನೆಯಲ್ಲಿ ಒಬ್ಬಳೇ ಕೂತು ಈಗ ಹೇಳುತ್ತಿದ್ದೇನೆ. ಕೇಳಬೇಕಾದವಳೇ ಇಲ್ಲದಾಗ ಹೇಳುವುದು ಎಷ್ಟು ಸಲೀಸು ನೋಡು, ನಿನ್ನ ಅಕ್ಕ ಅಷ್ಟು ಜಾಣೆ.

ಆಗ ನೀನು ಮೂರನೆಯ ಇಯತ್ತೆ. ನಾನು ಮದುವೆಯಾಗಿ ಧಾರವಾಡಕ್ಕೆ ಬಂದವಳು, ಅವ್ವನ ಆರೈಕೆಗೆಂದು ಹುಬ್ಬಳ್ಳಿಗೆ ಹೋಗಿ ನಿಂತಿದ್ದೆ. ನಿನ್ನನ್ನು ಹೆಬ್ಬಳ್ಳಿಯ ಅಜ್ಜಿಯ ಮನೆಗೆ ಕಳಿಸಿದ್ದರು. ಅವ್ವ ಆ ಗಂಟನ್ನು ಸೆರಗಿನ ಮರೆಯಲ್ಲೇ ಇಟ್ಟುಕೊಂಡಿದ್ದಳು. ಹುಣ್ಣಾಗಿ ವಾಸನೆ ಬಂದಾಗಲೇ ಮನೆಯವರಿಗೆ ತಿಳಿದದ್ದು. ಅದನ್ನು ತೊಳೆದು ಬಟ್ಟೆ ಬದಲಿಸುತ್ತಿದ್ದವಳು ನಾನು. ಅವ್ವನನ್ನು ಮಣ್ಣು ಮಾಡಿ ಬಂದ ದಿನ ಅಪ್ಪನ ಅಕ್ಕ, ನಮ್ಮ ಗೌರತ್ತೆ, ನನ್ನನ್ನು ಹಿತ್ತಲಿಗೆ ಕರೆದಳು.

"ಯಾರ ಕೇಳಿದ್ರೂ ಹೊಟ್ಟಿಬ್ಯಾನಿ ಅನ್ನು. ಎದಿ ಗಂಟು ಅಂತ ಬಾಯಿಬಿಟ್ಟಿ ಅಂದ್ರ, ತಾಯೀದು ಮಗಳಿಗೂ ಬರ್ತೈತಿ ಅಂತಾರ. ನಮ್ಮ ಗಿರಿಜಾನ್ನ ಯಾರ ಮಾಡ್ಕೋತಾರ?"

ಮುಚ್ಚಿಟ್ಟೆ. ನಿನ್ನ ಮದುವೆಯಾಯಿತು, ಹುಬ್ಬಳ್ಳಿಯಲ್ಲೇ, ಕಾಳುಕಡಿ ವ್ಯಾಪಾರದ ಒಳ್ಳೆಯ ಮನೆತನಕ್ಕೆ. ಆಮೇಲಾದರೂ ಹೇಳಬಹುದಿತ್ತು. ಅತ್ತೆಮನೆಯವರು ಏನಂದಾರು ಎಂದುಕೊಂಡೆ. ಸಹನಾ ಹುಟ್ಟಿದಳು — ಕೂಸಿನ ತಾಯಿಯನ್ನು ಯಾಕೆ ಹೆದರಿಸಲಿ ಎಂದುಕೊಂಡೆ. ಆಮೇಲೆ — ಇಷ್ಟು ವರ್ಷ ಯಾಕೆ ಮುಚ್ಚಿಟ್ಟಿ ಎಂದು ನೀನು ಕೇಳಿಬಿಟ್ಟರೆ? ಆ ಅಂಜಿಕೆಯಲ್ಲೇ ಮತ್ತಷ್ಟು ವರ್ಷ ಕಳೆದವು.

ಇಷ್ಟೇ ಆಗಿದ್ದರೆ ಹಿರಿಯರ ಮಾತಿಗೆ ಕಟ್ಟುಬಿದ್ದೆ ಎಂದು ತಪ್ಪಿಸಿಕೊಳ್ಳುತ್ತಿದ್ದೆನೇನೋ. ಇದಕ್ಕಿಂತ ಹೊಲಸು ಸಂಗತಿಯೊಂದಿದೆ.

ನಲವತ್ತು ದಾಟಿದ ಮೇಲೆ ನಾನು ಪ್ರತಿ ವರ್ಷ ಹುಬ್ಬಳ್ಳಿಗೆ ಬಂದು ಆಸ್ಪತ್ರೆಯಲ್ಲಿ ಎದೆಯ ತಪಾಸಣೆ ಮಾಡಿಸಿಕೊಳ್ಳುತ್ತಿದ್ದೆ. ಮ್ಯಾಮೊಗ್ರಾಂ. ಆಗ ನಮ್ಮವರು ಇನ್ನೂ ಇದ್ದರು. ಅವರಿಗೆ ಸೀರೆಯ ಅಂಗಡಿಗೆ ಹೋಗುತ್ತೇನೆ ಎನ್ನುತ್ತಿದ್ದೆ. ಆ ಯಂತ್ರದ ಮುಂದೆ ನಿಂತಾಗ ನೆನಪಿದ್ದ ದೇವರನ್ನೆಲ್ಲ ಕರೆಯುತ್ತಿದ್ದೆ. ಏನೂ ಇಲ್ಲ ಎಂದು ಗೊತ್ತಾದ ಕೂಡಲೇ ಆಟೋ ಹತ್ತಿ ಎಲ್ಲಿಗೆ ಬರುತ್ತಿದ್ದೆ ಹೇಳು? ನಿನ್ನ ಮನೆಗೆ. ಜೀವ ಉಳಿದ ಖುಷಿಗೆ ಹಸಿವೂ ಜೋರು. ನೀನು ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದೆ, ಜೊತೆಗೆ ಬದನೆಕಾಯಿ ಎಣಗಾಯಿ, ಗಟ್ಟಿ ಮೊಸರು. "ಇವತ್ತ ಭಾಳ ಖುಷಿ ಕಾಣಾಕತ್ತೀಯಲ್ಲಕ್ಕಾ, ಏನ್ ವಿಶೇಷ?" ಎನ್ನುತ್ತಿದ್ದೆ. ನಾನು ನಿನ್ನ ಎಣಗಾಯಿಯನ್ನು ಹೊಗಳುತ್ತಿದ್ದೆ.

ಒಮ್ಮೆ ನಿನ್ನ ಬಿ.ಪಿ. ತೋರಿಸಲು ಇಬ್ಬರೂ ಡಾಕ್ಟರಮ್ಮನ ಬಳಿ ಹೋಗಿದ್ದೆವು. ಅವರು ಪಟ್ಟಿ ಬಿಚ್ಚುತ್ತ ಕೇಳಿದರು: "ನಲವತ್ತು ದಾಟೇತಿ, ಎದಿ ತಪಾಸಣಿ ಯಾವಾಗರೆ ಮಾಡ್ಸೀರೇನ್ರಿ? ಮನ್ಯಾಗ ಯಾರಿಗರೆ ಆ ತ್ರಾಸ ಇತ್ತೇನು? ತಾಯಿಗೆ?"

"ಇಲ್ರಿ. ನಮ್ಮವ್ವ ಹೊಟ್ಟಿಬ್ಯಾನಿಯಿಂದ ಹೋದ್ಲು." ನೀನು ನನ್ನ ಕಡೆ ತಿರುಗಿದೆ. "ಹೌದಿಲ್ಲಕ್ಕಾ?"

"ಹೌದ್ರಿ," ಎಂದೆ.

ಆದರೂ ಒಮ್ಮೆ ಮಾಡಿಸಿಕೊಳ್ಳಿ ಎಂದು ಡಾಕ್ಟರಮ್ಮ ಹೇಳಿಯೇ ಹೇಳಿದರು. ಹೊರಗೆ ಬಂದು ನೀನು ನಕ್ಕೆ. "ನಮಗ್ಯಾಕಕ್ಕಾ ಅದು? ನಮ್ಮ ಮನಿತನದಾಗ ಇಲ್ಲದ ರೋಗ." ನಾನು ರಸ್ತೆ ದಾಟುವ ನೆಪದಲ್ಲಿ ಅತ್ತ ಮುಖ ತಿರುಗಿಸಿದೆ. ನೀನು ತಪಾಸಣೆಗೆ ಹೋಗಲಿಲ್ಲ. ನಾನು ಆ ವರ್ಷವೂ ಹೋದೆ.

ಗಂಟು ನಿನ್ನ ಕೈಗೆ ಸಿಗುವ ಹೊತ್ತಿಗೆ ಕಂಕುಳಿಗೂ ಹಬ್ಬಿತ್ತು. ಮೊದಮೊದಲು ನೀನು ರೊಟ್ಟಿ ಬಡಿದ ನೋವು ಎಂದುಕೊಂಡಿದ್ದೆಯಂತೆ. ಕೂದಲೆಲ್ಲ ಉದುರಿ, ತಲೆಗೆ ವಸ್ತ್ರ ಕಟ್ಟಿಕೊಂಡು ಮಲಗಿದ್ದವಳು ಒಂದು ಮಧ್ಯಾಹ್ನ ನನ್ನ ಕೈ ಹಿಡಿದೆ.

"ಅಕ್ಕಾ, ನೀನೂ ಒಮ್ಮೆ ತೋರಿಸ್ಕೊಂಡ ಬಾ. ನನಗ ಬಂದೈತಿ ಅಂದ್ರ ನಿನಗೂ ಬರಬಹುದಂತ. ನನ್ನ ಆಣಿ, ಅಸಡ್ಡಿ ಮಾಡಬ್ಯಾಡ."

"ಹೂಂ, ತೋರಿಸ್ಕೋತೇನಿ," ಎಂದೆ.

ಆ ವರ್ಷದ ನನ್ನ ತಪಾಸಣೆ ಮುಗಿದು ಇನ್ನೂ ತಿಂಗಳಾಗಿರಲಿಲ್ಲ. ಆಗಲೂ ನಾಲಿಗೆ ಹೊರಳಲಿಲ್ಲ, ಗಿರಿಜಾ. ಸಾಯುವ ತಂಗಿಯ ಕಣ್ಣಲ್ಲಿ ಒಳ್ಳೆಯ ಅಕ್ಕನಾಗಿಯೇ ಉಳಿಯಬೇಕಾಗಿತ್ತು ನನಗೆ. ಉಳಿದೆ. ಆ ಒಳ್ಳೆಯತನವನ್ನು ಈಗ ಎಲ್ಲಿಡಲಿ — ತಿಳಿಯದು.

ಕಳೆದ ತಿಂಗಳು ಸಹನಾಳಿಗೊಂದು ಸಂಬಂಧ ಬಂತು. ನಿನ್ನ ಗಂಡ ಫೋನ್ ಮಾಡಿ, "ಗಂಡಿನ ಕಡೆಯವರು ಕೇಳಿದ್ರ, ಗಿರಿಜಾಗ ಕಾಮಾಲಿ ಆಗಿತ್ತು ಅಂದ್ಬಿಡ್ರಿ ಅಕ್ಕಾರ," ಎಂದರು. ಗೌರತ್ತೆ ನಿಂತಿದ್ದ ಜಾಗದಲ್ಲಿ ಈಗ ನಾನು ನಿಂತಿದ್ದೆ. ಆಗುವುದಿಲ್ಲ ಎಂದೆ. ಮರುದಿನವೇ ಸಹನಾಳನ್ನು ಮನೆಗೆ ಕರೆಸಿ, ಚಹಾ ಕೊಟ್ಟು, ಅವಳ ಅಜ್ಜಿಗೆ ನಿಜಕ್ಕೂ ಆಗಿದ್ದೇನೆಂದು ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ಕಣ್ಣು ನಿನ್ನವೇ.

"ಅವ್ವಗ ಇದು ಗೊತ್ತಿತ್ತೇನು, ದೊಡ್ಡವ್ವಾ?"

"ಇಲ್ಲ."

"ನೀವು ತೋರಿಸ್ಕೋತಿದ್ರೇನು?"

"ವರ್ಷಾ ವರ್ಷಾ."

ಅವಳು ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿಯಲಾದರೂ ದಾರಿಯಿತ್ತು. ನೀನು ಈಗಿನಿಂದಲೇ ಡಾಕ್ಟರನ್ನು ಕಾಣಬೇಕು, ಅಜ್ಜಿಯದೂ ಅವ್ವನದೂ ಎರಡೂ ಹೇಳಬೇಕು ಎಂದು ನಾನು ಅವಳ ಹಿಂದೆ ಹಿಂದೆ ಬಾಗಿಲ ತನಕ ಹೋದೆ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಚಹಾ ಮುಟ್ಟಿರಲಿಲ್ಲ.

ಮೊನ್ನೆ ತಪಾಸಣೆ ಮಾಡಿಸಿದಳಂತೆ. ನಿನ್ನ ಪಕ್ಕದ ಮನೆಯವರು ಪೇಟೆಯಲ್ಲಿ ಸಿಕ್ಕು ಹೇಳಿದರು. ಅಷ್ಟೇ ಅವರಿಗೆ ಗೊತ್ತು. ನಾನಾಗಿಯೇ ಕೇಳೋಣವೆಂದರೆ — ಯಾವ ಬಾಯಿಂದ ಕೇಳಲಿ? ಅವಳ ಹೆಸರು ಒತ್ತಲು ಹೋಗಿ ಫೋನನ್ನು ಕೆಳಗಿಡುತ್ತೇನೆ. ತಪಾಸಣೆಯಲ್ಲಿ ಏನು ಬಂತು ಎಂದು ನನಗೆ ಯಾರೂ ಹೇಳಿಲ್ಲ.