ಅಪ್ಪನ ಕಾರಿನ ದಮ್ಮು

ಸ್ನೇಹಿತರೇ, ಅಪ್ಪನ ಕಾರು ಮಾರೋದು ಇವತ್ತು ಕ್ಯಾನ್ಸಲ್ ಆಯ್ತು.

ಇಪ್ಪತ್ತೈದು ವರ್ಷದ ಕಾರು. ಒಂದು ವರ್ಷದಿಂದ ಏರು ಹತ್ತಲ್ಲ, ಲಾರಿ ಓವರ್‌ಟೇಕ್ ಮಾಡಕ್ಕಾಗಲ್ಲ ಅಂತ ಅಪ್ಪನಿಗೆ ಬೇಜಾರು. "ಇಂಜಿನ್ ಮುಗೀತು ಕಣಮ್ಮ, ಕೊಟ್ಬಿಡಣ" ಅಂದಿದ್ದರು. ಅದಕ್ಕೆ ಮುಂಚೆ ಒಂದ್ಸಲ ಅಳೆದು ನೋಡಣ ಅಂತ ಅಪ್ಪ ಅಮ್ಮನನ್ನು ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ, ನಾನು ಪಾಠ ಮಾಡೋ ಕಾಲೇಜಿನ ಲ್ಯಾಬಿಗೆ ಕರೆಸಿದೆ. ಅಲ್ಲಿ ಡೈನಮೋಮೀಟರ್ ಇದೆ. ಕಾರಿನ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸಿದರೆ ಎಷ್ಟು ಶಕ್ತಿ ಇದೆ ಅಂತ ತೋರಿಸುತ್ತೆ.

ಲ್ಯಾಬ್ ನೋಡ್ಕೊಳ್ಳೋ ನಂಜುಂಡಪ್ಪನವರು ಆಕ್ಸಿಲರೇಟರ್ ಪೂರ್ತಿ ಒತ್ತಿದರು. ಹತ್ತೊಂಬತ್ತು ಹಾರ್ಸ್‌ಪವರ್. ಅಪ್ಪನ ಮುಖ ಬಾಡಿಹೋಯ್ತು.

ನಂಜುಂಡಪ್ಪನವರು ಬಗ್ಗಿ ನೋಡಿ, "ಸಾರ್, ಕಾರ್ಪೆಟ್ ಕೆಳಗೆ ಯಾರೋ ಮ್ಯಾಟ್ ತುಂಡು ಮಡಚಿಟ್ಟಿದಾರೆ. ಪೆಡಲ್ ಅರ್ಧಕ್ಕೇ ನಿಂತೋಗ್ತಿದೆ" ಅಂದರು. ತೆಗೆದು ಮತ್ತೆ ಓಡಿಸಿದರೆ ಇಪ್ಪತ್ತೊಂಬತ್ತು. ಇಷ್ಟು ಹಳೇ ಪುಟ್ಟ ಕಾರಿಗೆ ಅದು ಚೆನ್ನಾಗೇ ಇದೆ.

"ಯಾರು ಇಟ್ಟಿದ್ದು ಇದನ್ನ?" ಅಪ್ಪ ಕೇಳಿದರು.

"ನಾನೇ" ಅಂದರು ಅಮ್ಮ. "ಹೋದ್ವರ್ಷ ಮುರುಗಮಲ್ಲದ ರಸ್ತೇಲಿ ಬಸ್ಸಿನ ಜೊತೆ ರೇಸಿಗೆ ಬಿದ್ರಲ್ಲ, ಮಾರನೇ ದಿನಾನೇ ಇಟ್ಟೆ. ಬಾಯಲ್ಲಿ ಹೇಳಿದ್ರೆ ಕೇಳ್ತಿದ್ರಾ?"

ಅಪ್ಪ ಕಾರು ಕೊಳ್ಳಬೇಕಿದ್ದವರಿಗೆ ಫೋನ್ ಮಾಡಿ, ಕೊಡಲ್ಲ ಅಂದರು.

ವಾಪಸ್ ಬರುವಾಗ ನಾನೂ ಜೊತೆಗಿದ್ದೆ. ಅಪ್ಪ ಸ್ಪೀಡು ನಲವತ್ತು ದಾಟಿಸಲಿಲ್ಲ. ಟ್ರ್ಯಾಕ್ಟರುಗಳೂ ನಮ್ಮನ್ನ ದಾಟಿ ಹೋದವು. ಕೊನೆಗೆ ಅಮ್ಮನೇ, "ಈಗ ಓಡುತ್ತಲ್ಲ, ಸ್ವಲ್ಪ ಬೇಗ ಹೋಗಿ" ಅಂದರು.

"ಓಡುತ್ತೆ ಅಂತ ಗೊತ್ತಾಯ್ತಲ್ಲ, ಸಾಕು" ಅಂದರು ಅಪ್ಪ.